ಊರಿಗೆ ಹಾಕಿದ ಬೀಗ

ಪಂಚಮಿಯ ದಿನ ಬೆಳಿಗ್ಗೆ ಹಾನಗಲ್ಲಿನ ನಮ್ಮ ತವರುಮನೆಯ ಹಿತ್ತಲಲ್ಲಿ ನಾನೂ ನನ್ನ ತಂಗಿಯೂ ನಾಗಪ್ಪನಿಗೆ ಹಾಲೆರೆಯುತ್ತಿದ್ದೆವು. ನಮ್ಮ ಕಡೆ ಹಾಲನ್ನು ಸುಮ್ಮನೆ ಸುರಿದು ಕೈ ತೊಳೆದುಕೊಳ್ಳುವಂತಿಲ್ಲ. ಕೊಬ್ಬರಿ ಬಟ್ಟಲಿನಲ್ಲಿ ಬೆಲ್ಲದ ಹಾಲು ತುಂಬಿ, ಹನಿಹನಿಯಾಗಿ ಬಿಡುತ್ತ, ‘ಅಪ್ಪನ ಪಾಲು, ಅವ್ವನ ಪಾಲು’ ಎಂದು ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದು ಅವರವರ ಪಾಲನ್ನು ಒಪ್ಪಿಸಬೇಕು. ತಂಗಿಗೆ ಎಂಟು ತಿಂಗಳು ತುಂಬಿ ಒಂಬತ್ತರಲ್ಲಿ ಬಿದ್ದಿತ್ತು. ಚೊಚ್ಚಲ ಹೆರಿಗೆಗೆಂದು ಸವಣೂರಿನ ಗಂಡನ ಮನೆಯಿಂದ ಬಂದಿದ್ದಳು. ಎಲ್ಲರ ಪಾಲೂ ಮುಗಿದ ಮೇಲೆ ಇನ್ನೊಂದು ಹನಿ ಬಿಟ್ಟು, ‘ಹೊಟ್ಟ್ಯಾಗಿನವರ ಪಾಲು’ ಎಂದಳು. ಅವ್ವ ನಕ್ಕುಬಿಟ್ಟಳು.

ನನಗೂ ನಗು ಬಂತು, ಆದರೆ ಬೇರೆ ಕಾರಣಕ್ಕೆ. ನಾನು ಶಿಗ್ಗಾಂವಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಗಂಡೋ ಹೆಣ್ಣೋ ಗೊತ್ತಿಲ್ಲ, ಹೆಸರಿನ್ನೂ ಇಟ್ಟಿಲ್ಲ, ಆದರೂ ಜಾಗವೊಂದನ್ನು ಇಟ್ಟಾಯಿತು ನೋಡು, ನಾವು ಡಿಕ್ಲೇರ್ ಮಾಡುವುದು ಎನ್ನುವುದು ಇದಕ್ಕೇ ಎಂದು ಹೇಳಲು ಬಾಯಿ ತೆರೆದಿದ್ದೆ. ಹಬ್ಬದ ದಿನವೂ ಪಾಠ ಬಿಡದ ಚಟ ನನ್ನದು. ಅಷ್ಟರಲ್ಲಿ ತಂಗಿ ಎದ್ದು ನಿಲ್ಲುತ್ತಲೇ ಗೋಡೆ ಹಿಡಿದುಕೊಂಡಳು. ಆಕೆಯ ಕಾಲ ಬಳಿ ಹಾಸುಗಲ್ಲಿನ ಮೇಲೆ ರಕ್ತ ಇತ್ತು.

‘ಅಕ್ಕಾ, ನೋವಿಲ್ಲ. ಏನೂ ನೋವಿಲ್ಲ’ ಎಂದು ಹೇಳುತ್ತಲೇ ಇದ್ದಳು. ಅದೇ ಹೆದರಿಕೆಯ ಮಾತು. ಮಾಸು ಕೆಳಗೆ, ಗರ್ಭದ ಬಾಯಿಗೆ ಅಡ್ಡ ಕೂತಿದೆ, ನೋವಿಲ್ಲದೆ ರಕ್ತ ಹೋದರೆ ಒಂದು ನಿಮಿಷ ತಡ ಮಾಡಬೇಡಿ ಎಂದು ಡಾಕ್ಟರಬಾಯಿ ಹಿಂದಿನ ತಿಂಗಳೇ ಹೇಳಿದ್ದರು. ಅದರ ಮೇಲೆ ತಂಗಿಯ ರಕ್ತ ಓ ನೆಗೆಟಿವ್, ಮನೆಯಲ್ಲಿ ಬೇರೆ ಯಾರದೂ ಆ ಗುಂಪಲ್ಲ. ನೂರು ಜನರನ್ನು ಕೂರಿಸಿದರೂ ಆ ಗುಂಪಿನ ಇಬ್ಬರು ಮೂವರು ಸಿಗುವುದೇ ಹೆಚ್ಚು. ಆ ರಕ್ತ ಕೊಡುವ ಇಬ್ಬರನ್ನು ಗೊತ್ತು ಮಾಡಿಟ್ಟುಕೊಳ್ಳಿ ಎಂದೂ ಅವರು ಹೇಳಿದ್ದರು. ಆಗ ನಾನು ಭಾರೀ ಜಂಬದಿಂದ, ‘ಅದರ ಚಿಂತಿ ನನಗ ಬಿಡ್ರಿ ಬಾಯಾರ, ನಾಕು ತಾಲೂಕಿನ ರಕ್ತ ನನ್ನ ಲ್ಯಾಪ್‌ಟಾಪಿನ್ಯಾಗ ಐತಿ’ ಎಂದಿದ್ದೆ.

ಹಾನಗಲ್ಲಿನ ಆ ಡಾಕ್ಟರಬಾಯಿಯ ಚಿಕ್ಕ ಆಸ್ಪತ್ರೆಗೆ ತಂಗಿಯನ್ನು ಮುಟ್ಟಿಸುವ ಹೊತ್ತಿಗೆ ರಕ್ತ ಸ್ವಲ್ಪ ನಿಂತಿತ್ತು. ಡಾಕ್ಟರಬಾಯಿ ಒಳಗೆ ಹೋಗಿ ನೋಡಿ ಬಂದು, ನನ್ನನ್ನು ಪಕ್ಕಕ್ಕೆ ಕರೆದರು.

‘ಈಗ ನಿಂತೈತಿ, ಮತ್ತ ಶುರು ಆದ್ರ ನಿಲ್ಲಂಗಿಲ್ಲ. ಇವತ್ತ ಕೊಯ್ದು ಕೂಸಿನ್ನ ತಗೀಬೇಕು. ಇಲ್ಲಿ ಆಗೂದಿಲ್ಲ, ಹಾವೇರಿ ದೊಡ್ಡ ದವಾಖಾನಿಗೆ ಕಳಸ್ತೇನಿ. ಆದ್ರ ಅಲ್ಲಿ ರಕ್ತನಿಧಿಯಾಗ ಈ ಗುಂಪಿಂದು ಒಂದು ಬಾಟ್ಲಿನೂ ಇಲ್ಲಂತ, ಈಗ ಫೋನ್ ಮಾಡಿ ಕೇಳೀನಿ. ಹುಬ್ಬಳ್ಳಿಯಿಂದ ಬರೂದು ಸಂಜಿ ಆಗತೈತಿ. ಒಂದರ ಬಾಟ್ಲಿ ಕೈಯಾಗ ಇಲ್ಲದ ಯಾರೂ ಕತ್ತರಿ ಹಚ್ಚೂದಿಲ್ರಿ. ನೀವು ಗೊತ್ತು ಮಾಡಿಟ್ಟವ್ರನ್ನ ಕರಸ್ರಿ.’

‘ಕರಸ್ತೇನ್ರಿ’ ಎಂದೆ.

ಆಂಬುಲೆನ್ಸಿನಲ್ಲಿ ತಂಗಿಯ ಜೊತೆ ಅವ್ವ ಹತ್ತಿದಳು. ಬಾಗಿಲು ಹಾಕುವ ಮುನ್ನ ತಂಗಿ ನನ್ನ ಕೈ ಹಿಡಿದುಕೊಂಡು, ‘ನೀ ಬರೂದಿಲ್ಲೇನು?’ ಎಂದಳು. ‘ನಿನ್ನ ಹಿಂದ ರಕ್ತ ತಗೊಂಡ ಬರ್ತೇನಿ’ ಎಂದೆ. ಆಕೆಯ ಗಂಡ ಸವಣೂರಿನಿಂದ ನೇರ ಹಾವೇರಿಗೆ ಹೊರಟಿದ್ದ. ಆಂಬುಲೆನ್ಸಿನ ಸದ್ದು ರಸ್ತೆಯ ತಿರುವಿನಲ್ಲಿ ಕರಗಿದ ಮೇಲೆ ಆಸ್ಪತ್ರೆಯ ಮುಂದಿನ ಬೆಂಚಿನ ಮೇಲೆ ನಾನೊಬ್ಬಳೇ ಉಳಿದೆ.

ಗೊತ್ತು ಮಾಡಿಟ್ಟಿದ್ದ ಮೊದಲಿನವನು ಹಿರೇಕೆರೂರಿನ ಬಟ್ಟೆ ಅಂಗಡಿಯವನು. ಅವನ ಹೆಂಡತಿ ಫೋನು ಎತ್ತಿದಳು. ನಿನ್ನೆಯಿಂದ ಜ್ವರ, ಎದ್ದು ಕೂರಲಾರ ಎಂದಳು. ಎರಡನೆಯವನು ಸವಣೂರಿನ ಹುಡುಗ. ‘ಮೇಡಂರಿ, ತಪ್ಪು ತಿಳ್ಕೋಬ್ಯಾಡ್ರಿ, ನಿಮ್ಮದು ಇನ್ನೂ ತಿಂಗಳೈತಿ ಅಂತ ಹೋದ ವಾರ ನಮ್ಮ ಕಾಕಾನ ಆಪರೇಷನ್‌ಗೆ ಕೊಟ್ಟಬಿಟ್ಟೆ’ ಎಂದ. ಅವನನ್ನು ಬೈಯಲು ನನಗೆ ಯಾವ ಹಕ್ಕೂ ಇರಲಿಲ್ಲ. ಆದರೂ ಫೋನಿಟ್ಟ ಮೇಲೆ ಬೈದೆ.

ಚೀಲದಿಂದ ಲ್ಯಾಪ್‌ಟಾಪ್ ತೆಗೆದೆ. ರಜೆಯಲ್ಲಿ ಅಂಕ ತುಂಬಬೇಕೆಂದು ತವರಿಗೂ ಹೊತ್ತು ತಂದಿದ್ದ ಲ್ಯಾಪ್‌ಟಾಪ್. ಅದರ ಜೊತೆಗೆ ಅವ್ವ ಯಾವಾಗಲೋ ತುರುಕಿದ್ದ ಶೇಂಗಾದುಂಡಿಯ ಡಬ್ಬಿಯೂ ಹೊರಗೆ ಬಂತು. ರಕ್ತದಾನಿಗಳ ಪ್ರೋಗ್ರಾಮು ತೆರೆದು, ಗುಂಪು ಓ ನೆಗೆಟಿವ್ ಎಂದು ಕೊಟ್ಟು ಹುಡುಕಿದೆ. ಎರಡು ಹೆಸರು ಬಂದವು. ಅದೇ ಹಿರೇಕೆರೂರಿನವನು, ಅದೇ ಸವಣೂರಿನವನು. ಮತ್ತೆ ಹುಡುಕಿದೆ. ಮತ್ತೆ ಅವರೇ ಬಂದರು.

ಆ ಪ್ರೋಗ್ರಾಮು ಹುಟ್ಟಿದ್ದು ನನ್ನ ತರಗತಿಯಲ್ಲಿ. ನಾನು ಕಲಿಸುವುದು ಜಾವಾ ಎಂಬ ಭಾಷೆ. ಆ ಭಾಷೆಗೆ ಮಡಿ ಜಾಸ್ತಿ. ಏನನ್ನಾದರೂ ಇಟ್ಟುಕೊಳ್ಳಬೇಕಾದರೆ, ಇಡುವುದು ಎಂಥದ್ದು, ಅದನ್ನು ಏನೆಂದು ಕರೆಯುತ್ತೀ ಎಂದು ಮೊದಲೇ ಹೇಳಿಬಿಡಬೇಕು, ಅದೇ ಡಿಕ್ಲೇರ್ ಮಾಡುವುದು. ಪೂರ್ಣ ಅಂಕಿಗೆ ಒಂದು ಮಾತು, ದಶಾಂಶಕ್ಕೆ ಇನ್ನೊಂದು, ಅಕ್ಷರಗಳಿಗೆ ಮತ್ತೊಂದು. ಹೇಳದೆ ಬಳಸಿದರೆ ಕೆಂಪು ಗೆರೆ ಬರುತ್ತದೆ. ಅಂಕಿಯ ಜಾಗದಲ್ಲಿ ಅಕ್ಷರ ಇಟ್ಟರೂ ಕೆಂಪು ಗೆರೆ. ‘ಉಪ್ಪಿನಕಾಯಿ ಭರಣಿಯಾಗ ಹಾಲು ಹಾಕಿದ್ರ ನಿಮ್ಮವ್ವ ಸುಮ್ನಿರ್ತಾಳೇನು? ಇದೂ ಹಂಗ’ ಎಂದು ಮೊದಲ ದಿನವೇ ಹೇಳಿಬಿಡುತ್ತೇನೆ.

ಹೆಸರಿಡುವುದರಲ್ಲಿ ಮಾತ್ರ ಹುಡುಗರು ನನ್ನ ಮೈ ಉರಿಸುತ್ತಾರೆ. ಎಕ್ಸ್, ವೈ, ಎ ಒಂದು, ಎ ಎರಡು ಎಂದು ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ‘ನಿಮ್ಮ ಮನಿ ಕೂಸಿನ್ನ ಎಕ್ಸ್ ಅಂತ ಕರದು ತೊಟ್ಲಾಗ ಹಾಕ್ತೀರೇನು? ಹೆಸರು ಓದಿದ ಕೂಡ್ಲೆ ಒಳಗ ಏನೈತಿ ಅಂತ ತಿಳೀಬೇಕು’ ಎಂದು ಒದರುತ್ತೇನೆ. ಒಂದು ವರ್ಷದ ತರಗತಿಯಲ್ಲಿ, ಹಿಂದಿನ ಬೆಂಚಿನಲ್ಲಿ ಒಬ್ಬಳು ಕೂರುತ್ತಿದ್ದಳು, ಹಾನಗಲ್ ಕಡೆಯ ಯಾವುದೋ ಹಳ್ಳಿಯವಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ನಾನು ಒದರಿದ ಮರುದಿನ ಆಕೆ ಬರೆದ ಪ್ರೋಗ್ರಾಮು ನೋಡುತ್ತೇನೆ, ಒಂದು ಅಂಕಿಯ ಹೆಸರು ಮಂಡಕ್ಕಿ, ಇನ್ನೊಂದರದು ಮಿರ್ಚಿ, ಎರಡನ್ನೂ ಕೂಡಿಸಿದ ಮೊತ್ತದ ಹೆಸರು ಗಿರಮಿಟ್. ಇದೇನು ಎಂದು ಕೇಳಿದರೆ, ‘ಹಾಸ್ಟೆಲಿನ್ಯಾಗ ನಾಷ್ಟಾ ಸಿಗಲಿಲ್ರಿ ಮೇಡಂ’ ಎಂದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ಆಕೆಯನ್ನು ಹೊರಗೆ ನಿಲ್ಲಿಸಿ, ಬಾಗಿಲ ಕಡೆ ಬೆನ್ನು ಮಾಡಿಕೊಂಡು ನಕ್ಕೆ.

ರಕ್ತದಾನಿಗಳ ಪಟ್ಟಿ ಮಾಡಿದ್ದು ಆ ವರ್ಷದ ಹುಡುಗರೇ. ಹುಲಗೂರಿನಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿಯ ತಂದೆಗೆ ರಕ್ತ ಬೇಕಾಗಿ ಅವನು ಊರೂರು ಅಲೆದ ಮೇಲೆ, ಶಿಗ್ಗಾಂವ, ಸವಣೂರು, ಹಾನಗಲ್, ಹಿರೇಕೆರೂರು ಈ ನಾಲ್ಕು ತಾಲೂಕಿನವರನ್ನು ಸೇರಿಸಿ ಒಂದು ಪಟ್ಟಿ ಮಾಡೋಣವೆಂದು ಹೊರಟೆವು. ಹೆಸರು, ಗುಂಪು, ಊರು, ಫೋನು, ಕೊನೆಗೆ ರಕ್ತ ಕೊಟ್ಟ ದಿನ ಎಂದು ಖಾನೆಗಳಿಗೆ ನಮ್ಮ ಮಾತಿನಲ್ಲೇ ಹೆಸರಿಟ್ಟೆವು. ಇವುಗಳಲ್ಲಿ ಬದಲಾಗುವುದು ಯಾವುದು, ಬದಲಾಗದ್ದು ಯಾವುದು ಎಂದು ನಾನು ಕೇಳಿದೆ. ಬದಲಾಗಬಾರದ್ದರ ಹಿಂದೆ ಫೈನಲ್ ಎಂಬ ಒಂದು ಮಾತು ಬರೆದರೆ ಮುಗಿಯಿತು, ಒಮ್ಮೆ ಇಟ್ಟದ್ದನ್ನು ಆಮೇಲೆ ಯಾರೂ ಅಲುಗಿಸುವಂತಿಲ್ಲ. ಅದಕ್ಕೆ ನಾವು ಬೀಗ ಎನ್ನುತ್ತಿದ್ದೆವು. ಫೋನಿಗೆ ಬೀಗ ಬೇಡ ಎಂದರು. ರಕ್ತದ ಗುಂಪಿಗೆ ಬೇಕು ಎಂದರು. ‘ಊರಿಗೆ?’ ಎಂದೆ. ‘ಊರು ಹೆಂಗ ಬದಲಾಗತೈತ್ರಿ, ಹಾಕ್ರಿ ಬೀಗ’ ಎಂದು ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು. ತರಗತಿಯಲ್ಲಿ ಅರ್ಧಕ್ಕರ್ಧ ಹುಡುಗಿಯರಿದ್ದರು.

ನಾನು ಬೀಗ ಹಾಕಿದೆ. ಒಂದು ಅರ್ಧವಿರಾಮ ಬಿಟ್ಟರೂ ಕೆಂಪು ಗೆರೆ ಎಳೆದು ಕಿರುಚುವ ಕಂಪೈಲರ್ ಅಂದು ತುಟಿಪಿಟಕ್ಕೆನ್ನಲಿಲ್ಲ. ಬರೆದದ್ದರಲ್ಲಿ ತಪ್ಪಿದ್ದರೆ ಅದು ಹೇಳುತ್ತದೆ, ತಿಳಿದದ್ದರಲ್ಲಿ ತಪ್ಪಿದ್ದರೆ ಹೇಳುವುದಿಲ್ಲ. ಆಮೇಲೆ ಹುಡುಗಿಯರಿಗೆ ಒಬ್ಬೊಬ್ಬರಿಗೇ ಮದುವೆಯಾಗತೊಡಗಿತು. ‘ಮೇಡಂ, ನನ್ನ ಊರು ಬದಲ ಮಾಡ್ರಿ’ ಎಂದು ಮೆಸೇಜು ಬಂದರೆ, ‘ಬದಲ ಆಗಂಗಿಲ್ಲವಾ, ಹಳೇದು ಅಳಿಸಿ ಹೊಸಾದು ಬರೀತೇನಿ, ಗಂಡನ ಊರು ಹೇಳು’ ಎಂದು ಉತ್ತರ ಬರೆಯುತ್ತಿದ್ದೆ. ನಾಲ್ಕು ತಾಲೂಕಿನ ಆಚೆಗೆ ಹೋದವರ ಹೆಸರು ಕಡತದಲ್ಲಿ ಇರುತ್ತಿತ್ತು, ಹುಡುಕಿದರೆ ಬರುತ್ತಿರಲಿಲ್ಲ. ದೂರದವರನ್ನು ತೋರಿಸಿ ಏನು ಪ್ರಯೋಜನ ಎಂದು ಹಾಗೊಂದು ಷರತ್ತು ಹಾಕಿದವಳೂ ನಾನೇ.

ಇದೆಲ್ಲ ಆ ಬೆಂಚಿನ ಮೇಲೆ ನೆನಪಾಯಿತು ಎಂದರೆ ಸುಳ್ಳು. ಆಗ ತಲೆಯಲ್ಲಿ ಏನೂ ಇರಲಿಲ್ಲ. ಅವ್ವ ಫೋನು ಮಾಡಿದಳು, ಅರ್ಧ ದಾರಿಯಲ್ಲಿ ಇದ್ದರಂತೆ. ‘ಸಿಕ್ಕತೇನ?’ ಎಂದಳು. ‘ಹುಡಕಾಕತ್ತೇನಿ’ ಎಂದೆ. ಹಿಂದಿನಿಂದ ತಂಗಿ ಏನೋ ಅಂದದ್ದು ಕೇಳಿತು, ಏನೆಂದು ತಿಳಿಯಲಿಲ್ಲ. ಫೋನಿಟ್ಟು, ಗುಂಪು ಗಿಂಪು ಏನೂ ನೋಡದೆ ಇಡೀ ಪಟ್ಟಿಯನ್ನೇ ಮೇಲಿನಿಂದ ಕೆಳಗೆ ಎಳೆಯತೊಡಗಿದೆ. ಬಂಕಾಪುರ, ದುಂಡಸಿ, ತಿಳವಳ್ಳಿ, ಊರುಗಳು ಓಡುತ್ತಿದ್ದವು. ಯಾವುದನ್ನೂ ಓದುತ್ತಿರಲಿಲ್ಲ, ಸುಮ್ಮನೆ ಎಳೆಯುತ್ತಿದ್ದೆ. ಆ ಓಟದಲ್ಲಿ ನನ್ನ ಹೆಸರು ಬಂತು. ಮುಂದಿನ ಖಾನೆಯಲ್ಲಿ ಊರು ಶಿಗ್ಗಾಂವ.

ಬೆರಳು ನಿಂತಿತು. ಈ ಪ್ರೋಗ್ರಾಮಿನ ಪ್ರಕಾರ ನಾನು ಈಗ ಶಿಗ್ಗಾಂವಿಯಲ್ಲಿದ್ದೇನೆ. ಹಾನಗಲ್ಲಿನಲ್ಲಿ ಯಾರಾದರೂ ಸಾಯುತ್ತಿದ್ದರೆ ನಾನು ಇಲ್ಲೇ ಪಕ್ಕದಲ್ಲಿದ್ದೇನೆಂದು ಈ ಯಂತ್ರಕ್ಕೆ ತಿಳಿಯುವುದಿಲ್ಲ. ಆದರೆ ನಾನು ಹಾನಗಲ್ಲಿನ ಬೆಂಚಿನ ಮೇಲೆ, ಮಗ್ಗುಲಲ್ಲಿ ಶೇಂಗಾದುಂಡಿಯ ಡಬ್ಬಿ ಇಟ್ಟುಕೊಂಡು ಕೂತಿದ್ದೇನೆ. ಯಾಕೆಂದರೆ ಇವತ್ತು ಪಂಚಮಿ.

ಪಂಚಮಿಗೆ ನಮ್ಮ ಸೀಮೆಯ ಹೆಣ್ಣುಮಕ್ಕಳು ಯಾರೂ ಗಂಡನ ಮನೆಯಲ್ಲಿ ಇರುವುದಿಲ್ಲ. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರುತ್ತಾನೆ. ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಮ್ಮ ಹೆಂಗಸರನ್ನು ಯಾವೂರು ಎಂದು ಕೇಳಿ ನೋಡಿ, ಒಂದು ಊರು ಹೇಳುವುದಿಲ್ಲ. ‘ತವರು ಹಾನಗಲ್ರಿ, ಕೊಟ್ಟಿದ್ದು ಶಿಗ್ಗಾಂವಿಗೆ’ ಎಂದು ಎರಡೂ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತ ಬಂದವಳು. ಅಂಥವಳು ಒಂದೇ ಖಾನೆ ಮಾಡಿ, ಅದಕ್ಕೆ ಬೀಗವನ್ನೂ ಜಡಿದಿದ್ದೆ. ನಾಲ್ಕು ತಾಲೂಕಿನಿಂದ ಹೊರಗೆ ಕೊಟ್ಟ ಹುಡುಗಿಯರೆಲ್ಲ ಇವತ್ತು ಇದೇ ನಾಲ್ಕು ತಾಲೂಕಿನೊಳಗೆ ಜೋಕಾಲಿ ಆಡುತ್ತಿದ್ದಾರೆ, ನನ್ನ ಯಂತ್ರಕ್ಕೆ ಅವರು ಕಾಣುತ್ತಿಲ್ಲ.

ಷರತ್ತಿನ ಆ ಸಾಲನ್ನು ಅಳಿಸಿದೆ. ಗಡಿಬಿಡಿಯಲ್ಲಿ ಜೊತೆಗೆ ಇನ್ನೇನನ್ನೋ ಅಳಿಸಿದೆ, ಕೆಂಪು ಗೆರೆ ಬಂತು. ಒಂದು ಆವರಣ ಹೋಗಿತ್ತು. ಸರಿ ಮಾಡಿದೆ. ಮತ್ತೆ ಕೆಂಪು. ಜೀವಮಾನದಲ್ಲಿ ಎಷ್ಟು ಹುಡುಗರಿಗೆ ‘ಗಡಿಬಿಡಿ ಮಾಡಬ್ಯಾಡ್ರಿ, ಸಾಲು ಓದ್ರಿ’ ಎಂದಿದ್ದೇನೋ. ಈಗ ಆ ಸಾಲು ಕಣ್ಣಿಗೆ ಕಾಣುತ್ತಿರಲಿಲ್ಲ, ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು, ಗಟ್ಟಿಯಾಗಿ ಬಾಯಿ ಬಿಟ್ಟು ಓದಿಕೊಂಡು ಸರಿ ಮಾಡಿದೆ. ಪ್ರೋಗ್ರಾಮು ಓಡಿತು.

ಓ ನೆಗೆಟಿವ್. ಹಳೆಯ ಇಬ್ಬರ ಕೆಳಗೆ ಹೊಸದಾಗಿ ಮೂವರು ಹೆಂಗಸರು ಬಂದರು. ಊರು ದಾವಣಗೆರೆ, ಊರು ಬೆಳಗಾವಿ, ಊರು ಗದಗ.

ದಾವಣಗೆರೆಯವಳು ಫೋನೆತ್ತಿದಳು. ಹೌದು, ತವರಿಗೇ ಬಂದಿದ್ದಳು, ಹಿರೇಕೆರೂರಿನ ಹತ್ತಿರ. ಆದರೆ ತೊಡೆಯ ಮೇಲೆ ಎಳೆಗೂಸು ಇತ್ತು, ಅದು ಅಳುವುದು ನನಗೂ ಕೇಳುತ್ತಿತ್ತು. ಹಾಲೂಡಿಸುವವರು ರಕ್ತ ಕೊಡುವಂತಿಲ್ಲ. ಬೆಳಗಾವಿಯವಳ ಫೋನು ಬಂದ್ ಇತ್ತು. ಉಳಿದವಳು ಗದಗಿನವಳು. ಆ ಹೆಸರು ಓದುತ್ತಲೇ ನನಗೆ ಗಿರಮಿಟ್ ನೆನಪಾಯಿತು. ಹಿಂದಿನ ಬೆಂಚಿನವಳು. ಹಾನಗಲ್ ಕಡೆಯವಳು.

ಎತ್ತಿದ್ದು ವಯಸ್ಸಾದ ಹೆಂಗಸಿನ ದನಿ. ‘ಯಾರ್ರಿ?’

‘ನಾನ್ರಿ, ನಿಮ್ಮ ಸೊಸಿಗೆ ಕಾಲೇಜಿನಾಗ ಕಲಿಸಿದಾಕಿ. ಆಕಿ ಅದಾಳೇನ್ರಿ?’

‘ಪಂಚಮಿಗೆ ತವರಿಗೆ ಹೋಗ್ಯಾಳ್ರಿ. ಇದು ಮನಿ ಫೋನು. ಯಾಕ್ರಿ?’

ರಕ್ತ ಎನ್ನಲು ಹಿಂಜರಿದೆ. ಹೊಸ ಸೊಸೆಯ ಮೈಯಿಂದ ರಕ್ತ ತೆಗೆಯುತ್ತೇವೆ ಎಂದರೆ ಎಂಥ ಅತ್ತೆಯಾದರೂ ಹೌಹಾರುತ್ತಾಳೆ. ಸುಳ್ಳು ಹೇಳಿ ನಂಬರು ಇಸಿದುಕೊಳ್ಳೋಣವೆಂದು ಒಂದು ಕ್ಷಣ ಅನ್ನಿಸಿತು. ಆಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

‘ಆಕಿ ಮೊದಲೇ ಕಡ್ಡಿಯಂಗ ಅದಾಳ್ರಿ’ ಎಂದರು ಅತ್ತೆ. ‘ಊಟ ಸೈತ ಸರಿ ಮಾಡೂದಿಲ್ಲ. ನಮ್ಮ ಮನಿಯಾಗ ಯಾರೂ ಕೊಟ್ಟಿಲ್ರಿ ಹಿಂಗ.’

‘ತೂಕ ನೋಡಿ, ರಕ್ತ ಪರೀಕ್ಷಾ ಮಾಡಿನ ತಗೋತಾರ್ರಿ. ಕಡಿಮಿ ಇದ್ರ ಅವ್ರ ಬ್ಯಾಡ ಅಂತಾರ.’

‘ನನ್ನ ಮಗನ್ನ ಕೇಳಬೇಕ್ರಿ.’

‘ಕೇಳ್ರಿ. ಆದ್ರ ನನ್ನ ತಂಗಿಗೆ ಅಷ್ಟು ಹೊತ್ತಿಲ್ರಿ ಅವ್ವಾರ’ ಎಂದೆ. ಅಲ್ಲಿಗೆ ನನ್ನ ದನಿ ಒಡೆಯಿತು. ಪಾಠ ಹೇಳುವ ದನಿ ಅದು, ಎಂದೂ ಒಡೆದದ್ದಿಲ್ಲ. ‘ಚೊಚ್ಚಲ ಬಸುರಿ ಅದಾಳ್ರಿ. ತವರಿಗೆ ಬಂದಾಕಿ ಅದಾಳ.’

ಆಕೆ, ‘ತವರಿಗೆ ಬಂದಾಕಿ’ ಎಂದು ತನಗೆ ತಾನೇ ಅಂದುಕೊಂಡರು. ‘ತಡೀರಿ, ನಂಬರ್ ಹೇಳ್ತೇನಿ. ನಾ ಹೂಂ ಅಂದೇನಿ ಅಂತನೂ ಹೇಳ್ರಿ ಆಕಿಗೆ. ಇಲ್ಲಂದ್ರ ಹೆದರತಾಳ.’

ಆ ನಂಬರಿಗೆ ಫೋನು ಮಾಡಿದಾಗ ಮೊದಲು ಕೇಳಿದ್ದು ಹುಡುಗಿಯರ ಕೇಕೆ. ಯಾರೋ ‘ಇನ್ನೂ ಜೋರ್ ಜೀಕಲೇ’ ಎಂದು ಕೂಗುತ್ತಿದ್ದರು. ನಾನು ಯಾರೆಂದು ಹೇಳುತ್ತಲೇ ಆಕೆ, ‘ಅಯ್ಯ ಮೇಡಂರಿ!’ ಎಂದು ಜೋಕಾಲಿಯ ಮೇಲಿನಿಂದಲೇ ಕೂಗಿದಳು. ವಿಷಯ ಹೇಳಿದೆ. ಕೇಕೆ ದೂರವಾಯಿತು, ಆಕೆ ನಡೆದು ಪಕ್ಕಕ್ಕೆ ಬಂದಿದ್ದಳು.

‘ಎಲ್ಲಿ ಬರಬೇಕ್ರಿ?’ ಎಂದಳು. ಬೇರೇನೂ ಕೇಳಲಿಲ್ಲ. ಅತ್ತೆ ಹೂಂ ಅಂದದ್ದನ್ನು ನಾನೇ ನೆನಪು ಮಾಡಿ ಹೇಳಿದೆ. ‘ಹೌದೇನ್ರಿ? ನಮ್ಮತ್ತಿ?’ ಎಂದು ಸಣ್ಣಗೆ ನಕ್ಕಳು. ಅಣ್ಣನ ಬೈಕಿನಲ್ಲಿ ಈಗಲೇ ಹೊರಡುತ್ತೇನೆ ಎಂದಳು.

ನಾನು ಹಾವೇರಿಯ ಬಸ್ಸು ಹತ್ತಿದೆ. ಆ ದಾರಿ ನಾನು ಹುಟ್ಟಿದಾಗಿನಿಂದ ಓಡಾಡಿದ ದಾರಿ, ಅಂದು ಮುಗಿಯಲೇ ಇಲ್ಲ. ಪ್ರತಿ ಊರಿಗೂ ಬಸ್ಸು ನಿಂತಿತು, ಪ್ರತಿ ಊರಿನಲ್ಲೂ ಹಸಿರು ಬಳೆ ತೊಟ್ಟ ಹೆಣ್ಣುಮಕ್ಕಳು ಬುತ್ತಿಗಂಟು ಹಿಡಿದು ನಿಧಾನವಾಗಿ ಇಳಿದರು, ನಿಧಾನವಾಗಿ ಹತ್ತಿದರು. ‘ಬೇಗ ಇಳೀರಿ’ ಎಂದು ನಾನು ಒಬ್ಬಳಿಗೆ ಒದರಿದೆ. ಆಕೆ ಕೆಟ್ಟದಾಗಿ ನೋಡಿದಳು. ಬೇವಿನ ಮರ, ಹುಣಸೆ ಮರ, ಎಲ್ಲಿ ನೋಡಿದರೂ ಜೋಕಾಲಿ. ಮಳೆ ಬಂದಿರಲಿಲ್ಲ, ಸದ್ಯ, ಬೈಕಿನವರು ನೆನೆಯುವುದಿಲ್ಲ ಎಂದುಕೊಂಡೆ. ಅವ್ವ ಮತ್ತೆ ಫೋನು ಮಾಡಿದಳು. ಆಕೆ ಏನೂ ಕೇಳಲಿಲ್ಲ. ‘ಮತ್ತ ಶುರು ಆಗೇತಿ’ ಎಂದಳು ಅಷ್ಟೇ. ಪಕ್ಕದಲ್ಲಿ ಕೂತವರು ನನ್ನ ಮುಖ ನೋಡಿ ನೀರಿನ ಬಾಟಲಿ ಕೊಟ್ಟರು.

ರಕ್ತನಿಧಿಯ ಮೆಟ್ಟಿಲ ಬಳಿ ಆಕೆ ಆಗಲೇ ಬಂದು ನಿಂತಿದ್ದಳು. ಹೊಸ ಸೀರೆಯ ನೆರಿಗೆಗೆಲ್ಲ ರಸ್ತೆಯ ಕೆಂಪು ಧೂಳು. ನಿಜಕ್ಕೂ ಕಡ್ಡಿಯಂತೆ ಇದ್ದಳು. ತೂಕ ಮಾಡಿದರು, ಸಾಲುತ್ತದೆ ಎಂದರು. ಬೆರಳಿಗೆ ಚುಚ್ಚಿದರು. ಹಿಮೋಗ್ಲೋಬಿನ್ ಹನ್ನೆರಡೂವರೆ ಇರಬೇಕು, ಅದಕ್ಕಿಂತ ಒಂದು ಕೂದಲೆಳೆ ಕಡಿಮೆಯಾದರೂ ತೆಗೆದುಕೊಳ್ಳುವುದಿಲ್ಲ ಎಂದು ಅಲ್ಲಿನ ನರ್ಸಮ್ಮ ಹೇಳಿದರು. ಯಂತ್ರದ ಸಣ್ಣ ಪರದೆಯನ್ನು ನಾವಿಬ್ಬರೂ ಬಗ್ಗಿ ನೋಡಿದೆವು. ಹನ್ನೆರಡು ಎಂದು ಮೊದಲು ಕಂಡಿತು. ಚುಕ್ಕಿಯ ಆಚೆ ಆರು ಇತ್ತು.

‘ಮೇಡಂರಿ, ಪೂರ್ಣ ಅಂಕಿ ಅಂತ ಡಿಕ್ಲೇರ್ ಮಾಡಿದ್ರ ಚುಕ್ಕಿ ಆಚೀದು ಬಿದ್ದು ನಾ ಹನ್ನೆಡ್ಡಕ್ಕ ಫೇಲ್ ಆಗತಿದ್ದೆ ನೋಡ್ರಿ’ ಎಂದು ಆಕೆ ಪಿಸುಗುಟ್ಟಿದಳು. ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಕಳ್ಳಿ. ನಾನು ಆಕೆಯ ತಲೆಗೊಂದು ಮೊಟಕಿದೆ. ನಗಲು ಹೋದರೆ ಅಳು ಬಂತು.

ರಕ್ತ ತೆಗೆದ ಮೇಲೆ ಅದನ್ನು ಪರೀಕ್ಷೆ ಮಾಡಬೇಕು, ತಂಗಿಯ ರಕ್ತಕ್ಕೆ ಕೂಡಿಸಿ ನೋಡಬೇಕು. ಆ ಹೊತ್ತಿನ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಅವ್ವ ಆಪರೇಷನ್ ಕೋಣೆಯ ಬಾಗಿಲ ಎದುರು ನೆಲದ ಮೇಲೆ ಕೂತಿದ್ದಳು. ತಂಗಿಯ ಗಂಡ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಬಾಟಲಿ ಹಿಡಿದ ಹುಡುಗ ಓಡುತ್ತ ಒಳಗೆ ಹೋದ. ಬಾಗಿಲು ಮುಚ್ಚಿತು. ಅವ್ವ ‘ಹೊಟ್ಟ್ಯಾಗಿನವರ ಪಾಲು, ಹೊಟ್ಟ್ಯಾಗಿನವರ ಪಾಲು’ ಎಂದು ಬೆಳಗಿನ ಮಾತನ್ನೇ ಅನ್ನುತ್ತಿದ್ದಳು. ಬೆಳಿಗ್ಗೆ ನಕ್ಕ ಮಾತು ಅದು. ಆಗ ಅದನ್ನು ಕೇಳಲಾಗದೆ ನಾನು ಎದ್ದು ಹೋಗಿ, ರಕ್ತ ಕೊಟ್ಟವಳ ಪಕ್ಕ ಕೂತೆ. ಆಕೆ ಬಿಸ್ಕತ್ತು ತಿನ್ನುತ್ತಿದ್ದಳು. ಹೊರಡಲು ಅವಸರ ಮಾಡುತ್ತಿದ್ದ ಅಣ್ಣನಿಗೆ, ‘ಕೂಸು ಅತ್ತ ಸದ್ದು ಕೇಳೂತನಕ ನಾ ಏಳೂದಿಲ್ಲ’ ಎಂದಳು.

ಸದ್ದು ಕೇಳಿತು. ಸಣ್ಣದು, ಸಿಟ್ಟಿನದು. ಹೆಣ್ಣು ಎಂದರು. ಕೂಸನ್ನು ಅವ್ವನ ಕೈಗೆ ಕೊಟ್ಟ ನರ್ಸು ತಂಗಿಯ ಬಗ್ಗೆ ಏನನ್ನೂ ಹೇಳದೆ ಒಳಗೆ ಹೋದಳು. ನಾವು ಯಾರೂ ಕೂಸನ್ನು ನೋಡಲಿಲ್ಲ, ಬಾಗಿಲನ್ನೇ ನೋಡಿದೆವು. ಎಷ್ಟೋ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು ಮುಖದ ಬಟ್ಟೆ ಇಳಿಸಿ, ‘ಭಾಳ ಹೋಗಿತ್ರಿ. ಆ ಬಾಟ್ಲಿ ಇರದಿದ್ರ ಕಷ್ಟ ಇತ್ತು. ಈಗ ಅಡ್ಡಿಯಿಲ್ಲ, ಸಂಜಿಗೆ ಇನ್ನೊಂದು ಬರತೈತಿ’ ಎಂದರು. ತಂಗಿಯ ಗಂಡ ಆಗ ಕೂಸಿನ ಕಡೆ ತಿರುಗಿದ.

ತಂಗಿಗೆ ಎಚ್ಚರವಾದಾಗ ಪಕ್ಕದಲ್ಲಿ ನಾನಿದ್ದೆ. ತುಟಿ ಬಿಳಿಚಿಕೊಂಡಿತ್ತು. ಕೈಗೆ ಹತ್ತಿದ ಕೊಳವೆಯನ್ನೇ ನೋಡುತ್ತ, ‘ಯಾರದು ಅಕ್ಕಾ?’ ಎಂದಳು.

‘ಗದಗಿನಾಕಿದು. ನನ್ನ ಹಂತ್ಯಾಕ ಕಲ್ತಾಕಿ.’

‘ಗದಗಿಂದ ಬಂದಳೇನು, ಅಷ್ಟ ದೂರಿಂದ?’

‘ಇಲ್ಲವಾ. ಪಂಚಮಿಗೆ ಬಂದಿದ್ಳು. ತವರು ಇಲ್ಲೇ, ನಮ್ಮ ಹಾನಗಲ್ ಹತ್ರ.’

ತಂಗಿ ಕಣ್ಣು ಮುಚ್ಚಿಕೊಂಡಳು. ‘ಹಂಗಾದ್ರ ಆಕಿ ಇಲ್ಲಿಯಾಕಿನ ಬಿಡು’ ಎಂದಳು. ಮತ್ತೆ ನಿದ್ದೆ ಹೋದಳು.

ಮರುದಿನ ಆ ವಾರ್ಡಿನಲ್ಲೇ ಕೂತು ಲ್ಯಾಪ್‌ಟಾಪ್ ತೆರೆದೆ. ಊರಿನ ಹಿಂದೆ ಇದ್ದ ಬೀಗದ ಮಾತನ್ನು ಅಳಿಸಿದೆ. ‘ತವರು’ ಎಂದು ಇನ್ನೊಂದು ಖಾನೆ ಮಾಡಿದೆ. ‘ಊರು’ ಎನ್ನುವ ಹೆಸರನ್ನೂ ತೆಗೆದು, ‘ಈಗ ಇರುವ ಊರು’ ಎಂದು ಉದ್ದಕ್ಕೆ ಬರೆದೆ. ಮೊದಲೇ ಹೀಗೆ ಹೆಸರಿಟ್ಟಿದ್ದರೆ ಅದಕ್ಕೆ ಬೀಗ ಹಾಕಲು ಕೈಯೇ ಬರುತ್ತಿರಲಿಲ್ಲ. ಆಮೇಲೆ ನನ್ನ ಸಾಲು ತೆರೆದು ಶಿಗ್ಗಾಂವ ಅಳಿಸಿ ಹಾನಗಲ್ ಎಂದು ಇಟ್ಟೆ. ಯಾವಾಗ ಬರುತ್ತೀ ಎಂದು ಯಜಮಾನರು ಫೋನಿನಲ್ಲಿ ಕೇಳಿದರು. ತಂಗಿ ಎದ್ದು ಓಡಾಡಲಿ ಎಂದೆ. ಮದುವೆಯಾದಾಗಿನಿಂದ ನಾನು ಅಷ್ಟು ಚುಟುಕಾಗಿ ಉತ್ತರ ಕೊಟ್ಟದ್ದು ಅದೇ ಮೊದಲು, ಅವರು ಹೂಂ ಎಂದರು.

ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ, ತಂಗಿಯ ಕೂಸಿಗೆ ಎಣ್ಣೆ ಹಚ್ಚುತ್ತ ಕೂತಿದ್ದಾಗ ಫೋನು ಬಂತು. ಬಸ್ಸಿನ ಗದ್ದಲ, ಅದರ ನಡುವೆ ಆಕೆಯ ದನಿ.

‘ಮೇಡಂರಿ, ನಾ ಗದಗಿಗೆ ಹೊಂಟೇನಿ. ನಂದು ಬದಲ ಮಾಡ್ಕೋರಿ.’

‘ಆಗ್ಲವಾ, ಈಗ ಮಾಡ್ತೇನಿ.’

‘ಈಗ ಬದಲ ಆಗತೈತೇನ್ರಿ?’

‘ಆಗತೈತಿ.’

‘ಹಂಗಾದ್ರ ಯುಗಾದಿಗೆ ಬರೂಮುಂದ ಮತ್ತ ಹೇಳ್ತೇನ್ರಿ’ ಎಂದಳು. ‘ಯಾರಿಗರ ಬೇಕಾಗತೈತಿ.’